ಮಿಣಿ ಕೊಯ್ಯುವ ಕಳ್ಳ

ಅಂತರಘಟ್ಟೆ ಜಾತ್ರೆಗೆ ಹೊರಟ ಪಾನಕದ ಗಾಡಿಗಳನ್ನು ನೋಡದವರು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರೂ ಇರಲಿಕ್ಕಿಲ್ಲ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ದೂಳೆಬ್ಬಿಸಿಕೊಂಡು ಓಡುವ ಎತ್ತುಗಳು. ನೋಡುವವರಿಗೆ ಗೆಜ್ಜೆಯ ಸದ್ದು ಕೇಳುತ್ತದೆ. ಎತ್ತು ಸಾಕಿದವನ ಕಿವಿ ಮಾತ್ರ ಬೇರೊಂದು ಸದ್ದಿನ ಮೇಲಿರುತ್ತದೆ. ಜಾತ್ರೆಯಿಂದ ಬಂದ ಎರಡು ಮೂರು ದಿನಕ್ಕೆ, ರಾತ್ರಿ ಹೊತ್ತು ಕೊಟ್ಟಿಗೆಯಲ್ಲಿ ಎತ್ತು ಸುಮ್ಮನೆ ಬಾಯಿ ಚಪ್ಪರಿಸುವ ಸದ್ದು. ಮೇವು ಮುಟ್ಟಿಲ್ಲ, ಮೆಲುಕು ಹಾಕುತ್ತಿಲ್ಲ, ಆದರೂ ಚಪ್ಪರಿಕೆ. ಬೆಳಗ್ಗೆ ಎದ್ದು ನೋಡಿದರೆ ಗೋದಲಿಯ ಅಂಚಿಗೆ ದಾರದ ಹಾಗೆ ಇಳಿಬಿದ್ದ ಜೊಲ್ಲು.

ನಮ್ಮಜ್ಜ ಆ ಸದ್ದು ಕೇಳಿದರೆ ಲಾಟೀನು ಹಿಡಿದು ಎದ್ದು ಹೋಗುತ್ತಿದ್ದ. ಎತ್ತಿನ ನಾಲಿಗೆಯನ್ನು ಪಕ್ಕಕ್ಕೆಳೆದು ನೋಡುತ್ತಿದ್ದ. ಬೊಬ್ಬೆ ಎದ್ದಿದ್ದರೆ, ಅಥವಾ ಬೊಬ್ಬೆ ಒಡೆದು ನಾಲಿಗೆಯ ಸಿಪ್ಪೆ ಕೈಗೇ ಬಂದರೆ, ಮರುದಿನದಿಂದ ನಮ್ಮ ಮನೆಯಲ್ಲಿ ಎತ್ತಿಗೂ ನಮಗೂ ಒಂದೇ ಊಟ, ರಾಗಿ ಅಂಬಲಿ. ಗೊರಸಿನ ಸಂದಿಗೆ ಮೈಲುತುತ್ತದ ನೀರು. ಕಾಲುಬಾಯಿ ಜ್ವರ ಬಂದ ಮನೆ ಎಂದು ಗೊತ್ತಾದರೆ ಮಜ್ಜಿಗೆ ಕೇಳಲಿಕ್ಕೂ ಯಾರೂ ಬರುತ್ತಿರಲಿಲ್ಲ.

ನಾಲಿಗೆಯ ಸಿಪ್ಪೆ ಕೈಗೆ ಬರುವುದಕ್ಕೂ ಮೊದಲು, ಆ ಸಿಪ್ಪೆಯ ಒಂದೊಂದು ಜೀವಕೋಶದ ಒಳಗೆ ಏನು ನಡೆದಿರುತ್ತದೆ? ಕಳೆದ ನಲವತ್ತು ವರ್ಷಗಳಲ್ಲಿ ವಿಜ್ಞಾನ ಇದನ್ನು ಬಹಳ ಚೆನ್ನಾಗಿ ಬಿಡಿಸಿದೆ. ಅದನ್ನು ಹೇಳಲು ಪಠ್ಯಪುಸ್ತಕದ ಕಾರ್ಖಾನೆಯ ಉಪಮೆಯೂ ಬೇಕಿಲ್ಲ, ಕಂಪ್ಯೂಟರಿನ ಉಪಮೆಯೂ ಬೇಕಿಲ್ಲ. ಒಂದು ಜೊತೆ ಎತ್ತು, ಒಂದು ನೇಗಿಲು, ನಡುವೆ ಒಂದು ಮಿಣಿ ಸಾಕು. ಮಿಣಿ ಎಂದರೆ ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ: ನೊಗವನ್ನೂ ನೇಗಿಲನ್ನೂ ಬಿಗಿಯುವ ಚರ್ಮದ ಹಗ್ಗ.

ಜೀವಕೋಶದ ಎತ್ತುಗಳು ಎಂದರೆ ರೈಬೋಸೋಮ್‌ಗಳು. ಒಂದು ದೊಡ್ಡದು, ಒಂದು ಸಣ್ಣದು, ಹೀಗೆ ಎರಡು ಭಾಗ. ಕೆಲಸವಿದ್ದಾಗ ಜೋಡಿಯಾಗುತ್ತವೆ, ಸಾಲು ಮುಗಿದ ಮೇಲೆ ಬೇರೆಯಾಗುತ್ತವೆ. ಒಂದು ಕೋಶದಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ. ಕೋಶದ ನಡುಮನೆಯಾದ ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ಹಳೇ ಕಡತ ಭದ್ರವಾಗಿರುತ್ತದೆ. ಅಲ್ಲಿಂದ ಬೇಕಾದಷ್ಟನ್ನು ಮಾತ್ರ ಕೋಶ ನಕಲು ಮಾಡಿ ಹೊರಗೆ ಕಳಿಸುತ್ತದೆ, ಅದು ಎಂಆರ್‌ಎನ್‌ಎ. ರೈಬೋಸೋಮ್ ಜೋಡಿ ಈ ನಕಲಿನುದ್ದಕ್ಕೂ ಸಾಗುತ್ತ, ಮೂರು ಮೂರು ಅಕ್ಷರ ಓದುತ್ತ, ಸೆಕೆಂಡಿಗೆ ಐದಾರು ಅಮೈನೋ ಆಮ್ಲಗಳ ಲೆಕ್ಕದಲ್ಲಿ ಪ್ರೋಟೀನು ನೇಯುತ್ತದೆ. ಕೆಚ್ಚಲಿನ ಕೋಶವಾದರೆ ಹಾಲಿನ ಕೇಸೀನು, ನಾಲಿಗೆಯ ಚರ್ಮವಾದರೆ ಕೆರಾಟಿನು.

ಆದರೆ ಎತ್ತು ತಾನಾಗಿ ನೇಗಿಲಿಗೆ ಕಟ್ಟಿಕೊಳ್ಳುವುದಿಲ್ಲವಲ್ಲ. ಇಲ್ಲಿ ನೇಗಿಲಾದ ಪ್ರತಿಯೊಂದು ಎಂಆರ್‌ಎನ್‌ಎ ತಲೆಗೂ ಒಂದು ರಾಸಾಯನಿಕ ಟೋಪಿ ಇದೆ. ವಿಜ್ಞಾನಿಗಳೂ ಅದನ್ನು ಕ್ಯಾಪ್ ಎಂದೇ ಕರೆಯುತ್ತಾರೆ. ಆ ಟೋಪಿಯನ್ನು ಹಿಡಿಯುವ ಕೊಕ್ಕೆಯಂಥ ಪ್ರೋಟೀನು ಇಐಎಫ್4ಇ. ಇತ್ತ ರೈಬೋಸೋಮಿನ ಸಣ್ಣ ಭಾಗ ಇಐಎಫ್3 ಎಂಬ ನೊಗ ಹೊತ್ತು ನಿಂತಿರುತ್ತದೆ. ಕೊಕ್ಕೆಗೂ ನೊಗಕ್ಕೂ ನಡುವೆ ಉದ್ದನೆಯ ಒಂದು ಪ್ರೋಟೀನು, ಇಐಎಫ್4ಜಿ. ಅದರ ಒಂದು ತುದಿ ಕೊಕ್ಕೆಗೆ, ಇನ್ನೊಂದು ತುದಿ ನೊಗಕ್ಕೆ. ಇದೇ ಮಿಣಿ. ಮಿಣಿ ಬಿಗಿದರೆ ಉಳುಮೆ, ಇಲ್ಲವಾದರೆ ಎತ್ತು ಒಂದು ಕಡೆ, ನೇಗಿಲು ಒಂದು ಕಡೆ.

ಇನ್ನು ಕಳ್ಳನ ಪರಿಚಯ. 1897ರಲ್ಲಿ ಜರ್ಮನಿಯ ಫ್ರೀಡ್ರಿಶ್ ಲೋಫ್ಲರ್ ಮತ್ತು ಪಾಲ್ ಫ್ರಾಶ್, ಕಾಲುಬಾಯಿ ಬಂದ ದನದ ಬೊಬ್ಬೆಯ ನೀರನ್ನು ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ರಂಧ್ರದ ಶೋಧಕದಲ್ಲಿ ಸೋಸಿದರು. ಸೋಸಿದ ನೀರೂ ರೋಗ ತಂದಿತು. ಪ್ರಾಣಿಗಳಲ್ಲಿ ರೋಗ ತರುವ ವೈರಸ್ ಒಂದನ್ನು ಮನುಷ್ಯ ಗುರುತಿಸಿದ್ದು ಅದೇ ಮೊದಲು. ಲೋಫ್ಲರ್ ಪ್ರಯೋಗ ಮುಂದುವರಿಸಿದಂತೆಲ್ಲ ಸುತ್ತಮುತ್ತಲಿನ ದನಗಳಿಗೆ ರೋಗ ಹರಡೀತೆಂಬ ಅಂಜಿಕೆ ಹುಟ್ಟಿತು. 1910ರಲ್ಲಿ ಅವರ ಪ್ರಯೋಗಾಲಯ ಬಾಲ್ಟಿಕ್ ಸಮುದ್ರದ ರೀಮ್ಸ್ ದ್ವೀಪಕ್ಕೆ ಹೋಯಿತು. ಅಮೆರಿಕವೂ ಮುಂದೆ ಇದೇ ರೋಗದ ಅಧ್ಯಯನಕ್ಕೆ ಪ್ಲಮ್ ಐಲ್ಯಾಂಡ್ ಎಂಬ ದ್ವೀಪವನ್ನೇ ಆರಿಸಿತು. ನಮ್ಮಲ್ಲಿ ಇದರ ಲಸಿಕೆ ಕೆಲಸ ಬೆಂಗಳೂರಿನ ಹೆಬ್ಬಾಳದಲ್ಲಿ, ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ಬೆಳೆಯಿತು. ಆಗ ಹೆಬ್ಬಾಳ ಊರಾಚೆ. ಈಗ ಅಲ್ಲಿನ ಮೇಲ್ಸೇತುವೆಯ ಮೇಲೆ ವಾಹನ ಸಾಗುವ ವೇಗ ನೋಡಿದರೆ ಅದೂ ಒಂದು ದ್ವೀಪವೇ ಅನ್ನಿ.

ಈ ವೈರಸ್ ಎಷ್ಟು ಬಡವ ಎಂದರೆ ಅದರ ಇಡೀ ಆಸ್ತಿ ಸುಮಾರು 8,400 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಹಸುವಿನ ಡಿಎನ್‌ಎಯಲ್ಲಿ ಇನ್ನೂರೈವತ್ತು ಕೋಟಿಗೂ ಹೆಚ್ಚು ಅಕ್ಷರಗಳಿವೆ. ವೈರಸ್‌ಗೆ ಒಂದೇ ಒಂದು ರೈಬೋಸೋಮ್ ಇಲ್ಲ. ಎತ್ತಿಲ್ಲದವನ ಒಕ್ಕಲುತನ. ಬೇರೆಯವರ ಎತ್ತು ಸಿಕ್ಕರೆ ಮಾತ್ರ ಅವನ ಹೊಲ ಹಸನಾಗುವುದು. ಹೋಗಲಿ, ಮಿಣಿ ಬಿಗಿಯಲು ಬೇಕಾದ ಟೋಪಿಯೂ ಅವನ ಆರ್‌ಎನ್‌ಎಗಿಲ್ಲ. ಟೋಪಿ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಪ್ರೋಟೀನು ಅಂಟಿಕೊಂಡಿದೆ, ಅಷ್ಟೆ. ಕೋಶದೊಳಗೆ ಟೋಪಿ ಹಾಕಿಕೊಂಡ ಸಾವಿರಾರು ಸಂದೇಶಗಳು ಎತ್ತಿಗಾಗಿ ಪಾಳಿ ನಿಂತಿರುವಾಗ ಈ ಬೋಳುತಲೆಯವನಿಗೆ ಪಾಳಿ ಬರುವುದು ಯಾವಾಗ?

ಅವನು ಪಾಳಿ ಕಾಯುವುದಿಲ್ಲ. ವೈರಸ್‌ನ ಆರ್‌ಎನ್‌ಎಯಿಂದ ಒಂದೇ ಉದ್ದನೆಯ ಪ್ರೋಟೀನು ತಯಾರಾಗುತ್ತದೆ. ಆ ಸರಮಾಲೆಯ ಮೊದಲ ಮಣಿ ಒಂದು ಕತ್ತರಿ. ಹೆಸರು ಎಲ್ ಪ್ರೋಟಿಯೇಸ್. ಹುಟ್ಟಿದ ಕೂಡಲೇ ಅದು ಮೊದಲು ತನ್ನನ್ನು ತಾನು ಸರದಿಂದ ಕತ್ತರಿಸಿಕೊಳ್ಳುತ್ತದೆ. ಆಮೇಲೆ ನೇರವಾಗಿ ಮಿಣಿಗೆ ಕೈ ಹಾಕುತ್ತದೆ. ಇಐಎಫ್4ಜಿಯನ್ನು ಎರಡು ತುಂಡು ಮಾಡುತ್ತದೆ. ಅಮೆರಿಕದ ಮಾರ್ವಿನ್ ಗ್ರಬ್‌ಮನ್ ಮತ್ತು ಸಂಗಡಿಗರು ಇದನ್ನು 1988ರಲ್ಲಿ ಪ್ರಕಟಿಸಿದರು. ಪೋಲಿಯೋ ವೈರಸ್ ತಗುಲಿದ ಕೋಶದಲ್ಲಿ ಇದೇ ಮಿಣಿ ತುಂಡಾಗುವುದು 1982ರ ಹೊತ್ತಿಗೇ ಕಂಡಿತ್ತು. ಪೋಲಿಯೋ ವೈರಸ್ ಕಾಲುಬಾಯಿಯದರ ದಾಯಾದಿ. ಅದರ ಕತ್ತರಿ ಬೇರೆ, ಕೊಯ್ಯುವ ಹಗ್ಗ ಒಂದೇ.

ಎಲ್ಲಿ ಕೊಯ್ಯುತ್ತದೆ ಎಂಬುದರಲ್ಲಿದೆ ಇದರ ಇಡೀ ಜಾಣತನ. ಕೊಯ್ತ ಬೀಳುವುದು ಸರಿಯಾಗಿ ನಡುವೆ, ಕೊಕ್ಕೆ ಹಿಡಿದ ಭಾಗಕ್ಕೂ ನೊಗ ಹಿಡಿದ ಭಾಗಕ್ಕೂ ಮಧ್ಯೆ. ಒಂದು ತುಂಡು ಟೋಪಿಯ ಜೊತೆ ನೇಗಿಲಿನಲ್ಲೇ ಉಳಿಯಿತು. ಇನ್ನೊಂದು ತುಂಡು ನೊಗದಿಂದ ಜೋತಾಡುತ್ತಿದೆ. ಎತ್ತಿಗೆ ಒಂದು ಗೀರೂ ಇಲ್ಲ. ನೇಗಿಲೂ ಮುರಿದಿಲ್ಲ. ಎತ್ತನ್ನೇ ಕೊಂದರೆ ಕಳ್ಳನಿಗೇ ನಷ್ಟ, ಅವನೂ ಉಳಬೇಕಲ್ಲ.

ಆಮೇಲೆ ನಡೆಯುವುದು ಇನ್ನೂ ಸೊಗಸು. ವೈರಸ್‌ನ ಆರ್‌ಎನ್‌ಎಗೆ ಟೋಪಿ ಇಲ್ಲದಿದ್ದರೂ ಅದರ ಒಡಲಿನೊಳಗೆ ಸುಮಾರು 450 ಅಕ್ಷರಗಳ ಒಂದು ಭಾಗ ತನ್ನಷ್ಟಕ್ಕೆ ಮಡಚಿಕೊಂಡು, ಗಂಟುಗಂಟಾಗಿ ಒಂದು ಆಕಾರಕ್ಕೆ ಬರುತ್ತದೆ. ಇದಕ್ಕೆ ಐಆರ್‌ಇಎಸ್ ಎನ್ನುತ್ತಾರೆ. ಇಂಥದೊಂದು ಒಳಬಾಗಿಲು ಇರಬಹುದೆಂದು ತೋರಿಸಿದ್ದೂ 1988ರಲ್ಲೇ, ಪೋಲಿಯೋ ಮತ್ತು ಅದರ ಇನ್ನೊಬ್ಬ ದಾಯಾದಿ ವೈರಸ್‌ನಲ್ಲಿ. ನೊಗದಿಂದ ಜೋತಾಡುತ್ತಿರುವ ತುಂಡು ಮಿಣಿ ಬಂದು ಈ ಗಂಟಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಟೋಪಿ ಬೇಡ, ಕೊಕ್ಕೆ ಬೇಡ. ಸೋಂಕು ತಗುಲಿದ ಒಂದೆರಡು ಗಂಟೆಯೊಳಗೆ ಕೋಶದ ಸ್ವಂತ ನೇಗಿಲುಗಳೆಲ್ಲ ನೆಲ ಕಚ್ಚಿ ನಿಂತಿರುತ್ತವೆ, ಎತ್ತುಗಳೆಲ್ಲ ಕಳ್ಳನ ಹೊಲದಲ್ಲಿ ಬೆವರು ಸುರಿಸುತ್ತಿರುತ್ತವೆ. ಕೆಚ್ಚಲಿನ ಕೋಶಗಳಲ್ಲೂ ಈ ವೈರಸ್ ಬೆಳೆಯುತ್ತದೆ. ಕಾಲುಬಾಯಿ ಬಂದ ಹಸು ಹಾಲು ಬತ್ತಿಸುವುದಕ್ಕೆ ಜ್ವರ, ಮೇವು ಬಿಟ್ಟಿದ್ದು, ಕೆಚ್ಚಲು ಬಾವು ಇವೆಲ್ಲ ಕಾರಣಗಳಿವೆ. ಅದರ ಜೊತೆಗೆ, ಕೇಸೀನು ನೇಯಬೇಕಾದ ರೈಬೋಸೋಮು ವೈರಸ್‌ನ ಕವಚ ನೇಯುತ್ತ ಕೂತಿದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹಾಗಾದರೆ ಮಿಣಿ ಕೊಯ್ಯುವುದು ಎತ್ತಿನ ಆಸೆಗೆ ಮಾತ್ರವೇ? ಬಹಳ ವರ್ಷ ಹಾಗೇ ತಿಳಿದಿದ್ದರು. ಗ್ರಬ್‌ಮನ್ ಅವರ ತಂಡ 1990ರ ದಶಕದಲ್ಲಿ ಒಂದು ಕೆಲಸ ಮಾಡಿತು. ವೈರಸ್‌ನಿಂದ ಆ ಕತ್ತರಿಯನ್ನೇ ಕಿತ್ತುಹಾಕಿತು. ಕತ್ತರಿಯಿಲ್ಲದ ವೈರಸ್ ಪ್ರಯೋಗಾಲಯದ ಕೆಲವು ಕೋಶಗಳಲ್ಲಿ ಸುಮಾರಾಗಿ ಚೆನ್ನಾಗಿಯೇ ಬೆಳೆಯಿತು. ಅಂದರೆ ಉಳುಮೆಗೆ ಕತ್ತರಿ ತೀರಾ ಅನಿವಾರ್ಯವಲ್ಲ. ಆದರೆ ದನಗಳಿಗೆ ಕೊಟ್ಟಾಗ ಅದು ರೋಗ ಎಬ್ಬಿಸಲಿಲ್ಲ. ಏಕೆಂದರೆ ದನದ ಕೋಶಕ್ಕೆ ಕೂಗಲು ಬಾಯಿ ಉಳಿದಿತ್ತು.

ಆ ಕೂಗಿನ ಹೆಸರು ಇಂಟರ್‌ಫೆರಾನ್. ವೈರಸ್ ಹೊಕ್ಕ ಕೋಶ ಇದನ್ನು ತಯಾರಿಸಿ ಹೊರಗೆ ಬಿಡುತ್ತದೆ, ಅಕ್ಕಪಕ್ಕದ ಕೋಶಗಳು ಎಚ್ಚೆತ್ತು ಬಾಗಿಲು ಭದ್ರಪಡಿಸುತ್ತವೆ. ಇದು ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ. ಇಂಟರ್‌ಫೆರಾನ್ ಕೂಡ ಒಂದು ಪ್ರೋಟೀನೇ. ಅದನ್ನು ನೇಯಲಿಕ್ಕೂ ಎತ್ತು ಬೇಕು, ಮಿಣಿ ಬೇಕು. ಮಿಣಿ ಕೊಯ್ದ ಕಳ್ಳ ಒಂದೇ ಏಟಿಗೆ ಎರಡು ಕೆಲಸ ಮುಗಿಸಿದ್ದಾನೆ: ಎತ್ತು ಹೊಡೆದುಕೊಂಡ, ಮನೆಯವರ ಬಾಯಿಯನ್ನೂ ಕಟ್ಟಿದ. ಬರೀ ಬಾಯಿ ಕಟ್ಟಿ ಸುಮ್ಮನಾಗಿಲ್ಲ, ಇಂಟರ್‌ಫೆರಾನಿನ ಸಂದೇಶ ಬರೆಯುವ ಹಂತಕ್ಕೂ ಈ ಕತ್ತರಿ ಅಡ್ಡಿಯಾಗುತ್ತದೆಂದು ಆಮೇಲೆ ತಿಳಿಯಿತು. ಬೊಬ್ಬೆ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ದನ ಉಸಿರಿನಲ್ಲಿ, ಹಾಲಿನಲ್ಲಿ ವೈರಸ್ ಚೆಲ್ಲಲು ಶುರುಮಾಡುತ್ತದಲ್ಲ, ಅದರ ಹಿಂದೆ ಈ ಮೌನದ ಪಾಲು ದೊಡ್ಡದು. ಅಜ್ಜ ಚಪ್ಪರಿಸುವ ಸದ್ದು ಕೇಳಿ ಎದ್ದು ಹೋಗುವ ಹೊತ್ತಿಗೆ ಕೇರಿಯ ನಾಲ್ಕು ಕೊಟ್ಟಿಗೆಗೆ ಅದು ಹೋಗಿಯಾಗಿರುತ್ತಿತ್ತು.

ಕೋಶವೂ ತೀರಾ ಪೆದ್ದಲ್ಲ. ವೈರಸ್ ನಕಲಾಗುವಾಗ ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ. ಅಂಥದ್ದು ಕಂಡರೆ ಕೋಶದ ಕಾವಲು ಪ್ರೋಟೀನೊಂದು ಎಲ್ಲ ಎತ್ತುಗಳನ್ನೂ ಬಿಚ್ಚಿ ಕಟ್ಟಿಹಾಕಲು ಹೊರಡುತ್ತದೆ. ನಮ್ಮ ಉಳುಮೆ ನಿಂತರೂ ಸರಿ, ಕಳ್ಳನದ್ದೂ ನಿಲ್ಲಲಿ ಎಂಬ ಹಟ. ಕೋಶ ತಾನು ಸತ್ತಾದರೂ ಊರುಳಿಸುವ ಲೆಕ್ಕ. ವೈರಸ್‌ಗಳ ಬಳಿ ಇದಕ್ಕೂ ಮದ್ದುಗಳಿವೆ, ಆ ಪಟ್ಟಿ ಇಲ್ಲಿ ಬೇಡ.

ಬೇರೆ ಕಳ್ಳರ ಕೈಚಳಕ ಬೇರೆ. ಇನ್‌ಫ್ಲುಯೆಂಜಾ ವೈರಸ್ ಮಿಣಿ ಬಿಟ್ಟು ಟೋಪಿಗೇ ಕೈ ಹಾಕುತ್ತದೆ. ಕೋಶದ ಸಂದೇಶಗಳ ತಲೆ ಕತ್ತರಿಸಿ ಟೋಪಿ ಕಿತ್ತು ತನ್ನ ಸಂದೇಶಕ್ಕೆ ತೊಡಿಸಿಕೊಳ್ಳುತ್ತದೆ. ಕೋವಿಡ್ ವೈರಸ್‌ನ ಎನ್‌ಎಸ್‌ಪಿ1 ಎಂಬ ಪ್ರೋಟೀನು ರೈಬೋಸೋಮಿನ ಸಣ್ಣ ಭಾಗದಲ್ಲಿ ಸಂದೇಶ ನುಸುಳುವ ಕಿಂಡಿಗೇ ಬೆಣೆ ಹೊಡೆಯುತ್ತದೆ. ಇದನ್ನು 2020ರಲ್ಲಿ, ನಾವೆಲ್ಲ ಮನೆಯಲ್ಲಿ ಬೀಗ ಹಾಕಿಕೊಂಡು ಕೂತಿದ್ದಾಗ, ಚಿತ್ರ ಸಮೇತ ತೋರಿಸಿದರು. 2022ರಲ್ಲಿ ನಮ್ಮ ದನಗಳ ಮೈಯೆಲ್ಲ ಗಡ್ಡೆ ಎಬ್ಬಿಸಿದ ಚರ್ಮಗಂಟು ರೋಗದ್ದು ಸಿಡುಬಿನ ಕುಲದ ವೈರಸ್. ಆ ಕುಲದವು ತಮ್ಮ ಟೋಪಿಯನ್ನು ತಾವೇ ಹೊಲಿದುಕೊಳ್ಳುವಷ್ಟು ಸಿರಿವಂತರು.

ಕಾಲುಬಾಯಿ ವೈರಸ್‌ನಿಂದ ವಿಜ್ಞಾನಿಗಳು ಒಂದು ವಿದ್ಯೆಯನ್ನು ಕಡ ತಂದಿದ್ದಾರೆ. ಆ ಉದ್ದನೆಯ ಸರಮಾಲೆಯ ನಡುವೆ 2ಎ ಎಂಬ ಹದಿನೆಂಟು ಅಮೈನೋ ಆಮ್ಲಗಳ ಒಂದು ತುಣುಕಿದೆ. ಅಲ್ಲಿಗೆ ಬಂದಾಗ ರೈಬೋಸೋಮು ಒಂದು ಕೊಂಡಿಯನ್ನು ಹಾಕದೆ ಹಾರಿ ಮುಂದೆ ಹೋಗುತ್ತದೆ. ಎತ್ತು ಬಿಚ್ಚದೆ ನೇಗಿಲನ್ನು ಒಂದು ಗಳಿಗೆ ಎತ್ತಿ ಮತ್ತೆ ಊರಿದ ಹಾಗೆ. ಫಲವಾಗಿ ಒಂದೇ ಸಾಲಿನಲ್ಲಿ ಎರಡು ಬಿಡಿ ಪ್ರೋಟೀನು. ಒಂದೇ ಸಂದೇಶದಿಂದ ಎರಡು ಮೂರು ಪ್ರೋಟೀನು ಬೇಕಾದಾಗ ಇಂದು ಜಗತ್ತಿನ ಪ್ರಯೋಗಾಲಯಗಳು ಬಳಸುವುದು ಇದೇ ಉಪಾಯವನ್ನು.

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಹೆಸರು ಹೇಳದೆ ಈ ಸೀಮೆಯಲ್ಲಿ ದನದ ಮಾತು ಮುಗಿಯುವುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು ಫಿರಂಗಿ ಎಳೆದ ಎತ್ತುಗಳ ಸಂತಾನ ಈ ತಳಿ. ಕಾವಲುಗಳಲ್ಲಿ ಅರೆಕಾಡು ಬದುಕು, ಹತ್ತಿರ ಹೋದರೆ ಕೊಂಬು ತೋರಿಸುವ ಸ್ವಭಾವ. ಅಮೃತಮಹಲ್ ಬಗ್ಗೆ ಇಲ್ಲಿನವರಿಗೆ ಹೆಮ್ಮೆ ಜಾಸ್ತಿ, ಅದು ತಪ್ಪಲ್ಲ. ಆ ಹೆಮ್ಮೆ ಒಂದು ಮಾತಾಗಿ ಹೊರಬರುತ್ತದೆ: "ನಮ್ದು ನಾಟಿ ದನ ಸಾರ್, ಸೂಜಿಗೀಜಿ ಬೇಡ, ಅದಕ್ಕೇನೂ ಆಗಲ್ಲ."

ಆ ಮಾತು ಅರ್ಧ ಸರಿ. ಸೀಮೆ ಹಸುವಿಗೆ ಹೋಲಿಸಿದರೆ ನಾಟಿ ದನಗಳಲ್ಲಿ ಕಾಲುಬಾಯಿ ಸಾಮಾನ್ಯವಾಗಿ ಹಗುರವಾಗಿ ಹೋಗುತ್ತದೆ. ಎರಡು ಬೊಬ್ಬೆ, ಎರಡು ದಿನದ ಕುಂಟು, ಮುಗಿಯಿತು. ಆದರೆ ಹಗುರ ಎಂದರೆ ತಗುಲಲಿಲ್ಲ ಎಂದಲ್ಲ. ನಾಟಿ ಎತ್ತಿನ ಕೋಶದಲ್ಲೂ ಅದೇ ಇಐಎಫ್4ಜಿ, ಅದೇ ಕೊಯ್ತ. ಕಾಯಿಲೆ ಕಣ್ಣಿಗೆ ಬೀಳದ ಎತ್ತು ಸಂತೆಗೆ, ಜಾತ್ರೆಗೆ ಆರಾಮವಾಗಿ ಹೋಗುತ್ತದೆ. ಅದರ ಉಸಿರಿನಿಂದ ಪಕ್ಕದ ಮನೆಯ ಸೀಮೆ ಹಸುವಿಗೆ ಬಂದಾಗ ಅದು ಮಲಗಿಬಿಡುತ್ತದೆ. ನನ್ನ ಕಣ್ಣಿಗೆ ಈ ರೋಗದ ನಿಜವಾದ ಸೇತುವೆ ಇದೇ.

ಕೋಶದೊಳಗಿನ ಕಥೆ ಗೊತ್ತಾದರೆ ಲಸಿಕೆಯ ಕಥೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಳ್ಳ ಹೊಲದೊಳಗೆ ಬಂದ ಮೇಲೆ ಕೋಶಕ್ಕೆ ಕೂಗಲು ಬಾಯಿಲ್ಲ. ಹಾಗಾಗಿ ಅವನನ್ನು ಬೇಲಿಯಾಚೆ, ರಕ್ತದಲ್ಲೇ ಹಿಡಿಯಬೇಕು. ಪ್ರತಿಕಾಯ ಮೊದಲೇ ತಯಾರಿರಬೇಕು. ಊರಿಗೆ ರೋಗ ಬಂತೆಂದು ಕೇಳಿದ ಮೇಲೆ ಓಡಿಹೋಗಿ ಹಾಕಿಸಿದ ಲಸಿಕೆ ಕೆಲಸ ಶುರುಮಾಡುವಷ್ಟರಲ್ಲಿ ಎರಡು ಮೂರು ವಾರ ಕಳೆದಿರುತ್ತದೆ. ಈ ಲಸಿಕೆಯಲ್ಲಿರುವುದು ಸತ್ತ ವೈರಸ್, ಅದರ ಬಲ ಬಹಳ ದಿನ ನಿಲ್ಲುವುದಿಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಸೂಜಿ, ತಿಂಗಳು ಬಿಟ್ಟು ಇನ್ನೊಂದು. ವೈರಸ್‌ನಲ್ಲಿ ಏಳು ಪಂಗಡಗಳಿದ್ದು, ಒಂದರ ಲಸಿಕೆ ಇನ್ನೊಂದಕ್ಕೆ ನಡೆಯುವುದಿಲ್ಲ. ನಮ್ಮಲ್ಲಿ ಓಡಾಡುವ ಒ, ಎ, ಏಷ್ಯಾ1 ಈ ಮೂರನ್ನೂ ಸೇರಿಸಿ ಒಂದೇ ಬಾಟಲಿಯಲ್ಲಿ ಕೊಡುತ್ತಾರೆ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಶುರುಮಾಡಿದ ರಾಷ್ಟ್ರೀಯ ಕಾರ್ಯಕ್ರಮಕ್ಕೆ, ಕಾಲುಬಾಯಿ ಮತ್ತು ಗರ್ಭಪಾತ ತರುವ ಕಂದು ರೋಗ ಎರಡಕ್ಕೂ ಸೇರಿ, ಐದು ವರ್ಷಕ್ಕೆ ತೆಗೆದಿಟ್ಟ ಹಣ 13,343 ಕೋಟಿ ರೂಪಾಯಿ. ದನದ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಬಂದದ್ದು ಆ ನಡುವೆಯೇ.

ಆದರೂ ಲಸಿಕೆಯವರು ಬಂದ ದಿನ ದನಗಳು ಹೊಲದ ಕಡೆ ಮಾಯವಾಗುತ್ತವೆ. ಸೂಜಿ ಹಾಕಿದರೆ ಹಾಲು ಕಡಿಮೆಯಾಗುತ್ತದೆ ಎಂಬ ದೂರು. ಒಂದೆರಡು ದಿನ ಕಡಿಮೆಯಾಗುವುದುಂಟು, ಇಲ್ಲವೆಂದು ಹೇಳಿ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ಉಂಟೆಂದು ಹೇಳುವುದೇ ಮೇಲು. 2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಹಬ್ಬಿ ಸಾವಿರಾರು ದನಕರು ಸತ್ತವು. ಆ ವರ್ಷ ಹಸು ಕಳೆದುಕೊಂಡ ಯಾರನ್ನಾದರೂ ಎರಡು ದಿನದ ಹಾಲಿನ ಬೆಲೆ ಎಷ್ಟೆಂದು ಕೇಳಿ ನೋಡಬಹುದು. 2001ರಲ್ಲಿ ಬ್ರಿಟನ್ ಇದೇ ರೋಗ ತಡೆಯಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ಸುಟ್ಟಿತು, ಹೂತಿತು. ನಮ್ಮ ನೆಲದಲ್ಲಿ ಆ ದಾರಿ ಯಾರೂ ಯೋಚಿಸುವಂಥದ್ದಲ್ಲ. ಹಾಗಾಗಿ ಸೂಜಿಯ ಮೇಲೇ ಭಾರ.

ಕೊಟ್ಟಿಗೆ ತೊಳೆಯಲು ಪಶುವೈದ್ಯರು ಬಟ್ಟೆ ಸೋಡಾ ಹೇಳುವುದಕ್ಕೂ ಕಾರಣವಿದೆ. ಎಷ್ಟೇ ಜಾಣನಾದರೂ ಈ ವೈರಸ್‌ನ ಕವಚ ಹುಳಿಗೂ ತಡೆಯುವುದಿಲ್ಲ, ಕಡು ಕ್ಷಾರಕ್ಕೂ ತಡೆಯುವುದಿಲ್ಲ. ನೂರು ಲೀಟರ್ ನೀರಿಗೆ ನಾಲ್ಕು ಕೆ.ಜಿ. ಸೋಡಾ ಸಾಕು, ಕಳಚಿ ಬೀಳುತ್ತದೆ.

ನಮ್ಮ ಎರಡು ಎತ್ತುಗಳಲ್ಲಿ ಒಂದು ಕಾಲುಬಾಯಿಯಿಂದ ಚೇತರಿಸಿಕೊಂಡಿತು. ಅದೇ ಕೊಟ್ಟಿಗೆಯಲ್ಲಿದ್ದ ಹಾಲುಕರು ಮಾತ್ರ ಬೊಬ್ಬೆಯೂ ಏಳದೆ, ಮೊಲೆ ಕಚ್ಚಿದ್ದ ಹಾಗೇ ಕುಸಿದುಬಿತ್ತು. ಎಳೆಗರುಗಳಲ್ಲಿ ವೈರಸ್ ಹೃದಯದ ಸ್ನಾಯುವನ್ನೇ ಹಿಡಿಯುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಚೇತರಿಸಿಕೊಂಡ ಎತ್ತು ತಿಂದುಂಡು ಮೈ ತುಂಬಿಕೊಂಡಿತು. ಆದರೆ ಬಿಸಿಲೇರಿದರೆ ನಾಲಿಗೆ ಚಾಚಿ ನಾಯಿಯ ಹಾಗೆ ತೇಕುತ್ತಿತ್ತು. ಕೂದಲೂ ಉದ್ದ ಬೆಳೆದು ಒರಟಾಯಿತು. ಅಜ್ಜ ಅದನ್ನು ಮಾರಲಿಲ್ಲ. ಹತ್ತು ಗಂಟೆಯ ಬಸ್ಸು ಹಾದುಹೋದ ಸದ್ದು ಕೇಳಿದರೆ ಸಾಲಿನ ನಡುವೆಯೇ ಮಿಣಿ ಬಿಚ್ಚಿ, ಹುಣಸೆ ಮರದ ನೆರಳಿಗೆ ಹೊಡೆದುಕೊಂಡು ಬರುತ್ತಿದ್ದ.